ಮೈ ನೋಡಿಕೊಳ್ಳುವ ಹೊತ್ತು

ಮಾಗಿಯಲ್ಲಿ ಹಿಡಕಲ್ ಅಣೆಕಟ್ಟಿನ ಹಿನ್ನೀರು ಮೆಲ್ಲಗೆ ಹಿಂದೆ ಸರಿಯುತ್ತದೆ. ನೀರು ಬಿಟ್ಟುಕೊಟ್ಟ ಎರೆನೆಲ ಮೊದಲು ಕಾಡಿಗೆಗಪ್ಪು, ಬಿಸಿಲು ಬಿದ್ದ ಮೇಲೆ ಬೂದುಗಪ್ಪು, ಬಿರುಕು ಬಿಡುವ ಹೊತ್ತಿಗೆ ಬರೀ ಬೂದು. ಈ ಮೂರು ಬಣ್ಣದ ಪಟ್ಟೆಗಳಾಚೆ, ಮೊಳಕಾಲುದ್ದದ ನೀರಿನಲ್ಲಿ, ಎಂದೋ ಮುಳುಗಿ ಸತ್ತ ಜಾಲಿಯ ಬೊಡ್ಡೆಗಳು ನಿಂತಿವೆ. ಹುಕ್ಕೇರಿ ತಾಲೂಕಿನ ಈ ದಂಡೆಗೆ ನಾನು ಬಂದದ್ದು ವಲಸೆ ಹಕ್ಕಿಗಳ ಆಸೆಯಿಂದ. ಇದೇ ಘಟಪ್ರಭಾ ನದಿಯ ಕೆಳಹರಿವಿನಲ್ಲಿ, ಗೋಕಾಕದ ಕಡೆ ಹೋಗುವ ದಾರಿಯಲ್ಲಿ, ಧೂಪದಾಳದ ಪಕ್ಷಿಧಾಮವಿದೆ. 1974ರಲ್ಲಿ ಘೋಷಣೆಯಾದದ್ದು, ಕರಕರ ಕೊಕ್ಕರೆಗಳಿಗೆ ಹೆಸರಾದದ್ದು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ದೂರದೇಶದ ಹಕ್ಕಿಯಲ್ಲ. ಬೊಡ್ಡೆಯ ಮೇಲೆ ದಿನಾಲೂ ಬಂದು ಕೂಡುವ ಪುಟ್ಟ ನೀರುಕಾಗೆ.

ಅದು ಮೀನು ಹಿಡಿಯುವುದನ್ನು ನೋಡಲು ಹೆಚ್ಚು ಹೊತ್ತು ಬೇಕಿಲ್ಲ. ಮುಳುಗುತ್ತದೆ, ಏಳುತ್ತದೆ, ಕೊಕ್ಕಿನಲ್ಲೊಂದು ಬೆಳ್ಳಿಯ ಹೊಳಪು, ಕತ್ತು ಒಮ್ಮೆ ಉಬ್ಬಿ ಇಳಿಯುತ್ತದೆ. ಹೊತ್ತು ಬೇಕಾಗುವುದು ಆಮೇಲಿನದಕ್ಕೆ. ಬೊಡ್ಡೆ ಹತ್ತಿ, ಜಾಲಪಾದದ ಬೆರಳುಗಳನ್ನು ತೊಗಟೆಗೆ ಒತ್ತಿ ನಿಂತು, ಮೈ ಒಮ್ಮೆ ಕೊಡವುತ್ತದೆ. ಎರಡೂ ರೆಕ್ಕೆ ಅರ್ಧ ಬಿಚ್ಚಿ, ಬೆನ್ನನ್ನು ಬಿಸಿಲಿಗೆ ಕೊಟ್ಟು ಅಲುಗಾಡದೆ ನಿಲ್ಲುತ್ತದೆ. ದೂರದಿಂದ ಬರೀ ಕಪ್ಪಾಗಿ ಕಾಣುವ ರೆಕ್ಕೆಯಲ್ಲಿ ಆಗ ಕಂಚಿನ ಬಣ್ಣ, ಅದರಂಚಿಗೆ ತೀರ ಮಸುಕಾದ ಹಸಿರು. ಗರಿ ಒಣಗಿದ ಮೇಲೆ ಕತ್ತನ್ನು ಪೂರ್ತಿ ಹಿಂದಕ್ಕೆ ಹೊರಳಿಸಿ ಬಾಲದ ಬುಡದಲ್ಲಿ ಕೊಕ್ಕು ಇಡುತ್ತದೆ. ಅಲ್ಲೊಂದು ಸಣ್ಣ ಎಣ್ಣೆಗ್ರಂಥಿ ಇದೆ. ಅದನ್ನು ಕೊಕ್ಕಿನ ತುದಿಯಿಂದ ಮೃದುವಾಗಿ ಒತ್ತಿ, ಎದೆಗೆ, ಭುಜಕ್ಕೆ, ಕೊನೆಗೆ ರೆಕ್ಕೆಯ ಉದ್ದಗರಿಗಳಿಗೆ ಬರುತ್ತದೆ. ಪ್ರತಿ ಗರಿಯನ್ನೂ ಬುಡದಿಂದ ತುದಿಯವರೆಗೆ ಕೊಕ್ಕಿನ ನಡುವೆ ಎಳೆಯುತ್ತದೆ. ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿರುತ್ತವೆ. ಗಾಳಿಗೆ, ನೀರಿಗೆ, ಬಡಿತಕ್ಕೆ ಬಿಟ್ಟುಹೋದ ಕೊಕ್ಕೆಗಳು ಹೀಗೆ ಎಳೆದಾಗ ಮತ್ತೆ ಕೂಡಿಕೊಳ್ಳುತ್ತವೆ. ಒಂದು ಗರಿಯನ್ನೂ ಅದು ಬಿಡುವುದಿಲ್ಲ.

ಹಲವು ಜಾತಿಯ ಹಕ್ಕಿಗಳ ದಿನಚರಿಯನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಹಕ್ಕಿ ತನ್ನ ಮೈ ನೋಡಿಕೊಳ್ಳುವುದರಲ್ಲಿ ದಿನದ ಸರಾಸರಿ ಶೇ. 9ರಷ್ಟು ಹೊತ್ತು ಕಳೆಯುತ್ತದೆ ಎಂದು ಅದರಲ್ಲಿದೆ. ಹನ್ನೆರಡು ತಾಸಿನ ಹಗಲಿಗೆ ಹೆಚ್ಚುಕಡಿಮೆ ಒಂದು ತಾಸು. ಹಸಿವು, ಗಿಡುಗ, ಗೂಡು, ಮರಿ, ಇಷ್ಟೆಲ್ಲದರ ನಡುವೆ ಒಂದು ತಾಸು! ಹಕ್ಕಿ ನೋಡಲು ಬಂದವರು ಸಾಮಾನ್ಯವಾಗಿ ದುರ್ಬೀನು ಕೆಳಗಿಳಿಸಿ ಚಹಾ ಕುಡಿಯುವುದು ಇದೇ ಹೊತ್ತಿನಲ್ಲಿ. ಹಕ್ಕಿ ಏನೂ ಮಾಡುತ್ತಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ.

ದಂಡೆಯ ಮೇಲಿನ ಊರಿನಲ್ಲಿ ನಾನು ಉಳಿದುಕೊಂಡ ಮನೆಯ ಮುಂದೆ ಕಲ್ಲಿನ ಕಟ್ಟೆಯಿದೆ. ಪೂರ್ವಕ್ಕೆ ಮುಖ. ಹೊತ್ತು ಮೂಡಿ ಮಸಾರಿ ಗುಡ್ಡದ ಅಂಚು ಕಾವಿ ಬಣ್ಣಕ್ಕೆ ತಿರುಗುವಾಗ ಬೇವಿನ ಮರದಿಂದ ಬೂದು ಹರಟೆಮಲ್ಲಗಳ ಗುಂಪು ಇಳಿಯುತ್ತದೆ. ತೆಳು ಹಳದಿ ಕಣ್ಣು, ಮಣ್ಣುಬೂದು ಮೈ, ಉದ್ದ ಬಾಲದ ಅಂಚಿಗೆ ಬಿಳಿ. ಬೇಲಿಯ ಬಿಸಿಲು ಬಿದ್ದ ಭಾಗವನ್ನು ಹುಡುಕಿ ಒಂದಕ್ಕೊಂದು ಭುಜ ತಾಗಿಸಿ ಕೂಡುತ್ತವೆ. ಯಾವ ಹಕ್ಕಿಗೂ ತನ್ನ ನೆತ್ತಿಗೆ ತನ್ನ ಕೊಕ್ಕು ನಿಲುಕುವುದಿಲ್ಲ. ಒಂದು ತಲೆ ಬಗ್ಗಿಸಿ ಕತ್ತಿನ ಗರಿ ಉಬ್ಬಿಸುತ್ತದೆ. ಪಕ್ಕದ್ದು ಆ ಗರಿಗಳ ನಡುವೆ ಕೊಕ್ಕು ತೂರಿಸಿ ಹೆಕ್ಕುತ್ತದೆ. ಸ್ವಲ್ಪ ಹೊತ್ತಿಗೆ ಸರದಿ ಬದಲು.

ಅದೇ ಹೊತ್ತಿಗೆ ಕಟ್ಟೆಯ ಮೇಲೂ ಜನ ಕೂಡುತ್ತಾರೆ. ಮೊದಲು ಬರುವವರು ಮನೆಯ ಹಿರಿಯರಾದ ಮುತ್ಯಾ, ಹೆಗಲಿಗೆ ಕಂಬಳಿ. ಆಮೇಲೆ ಸೊಸೆಯರು, ಶಾಲೆಗೆ ಹೋಗುವ ಹುಡುಗಿಯರು. ಒಬ್ಬಳ ಹಿಂದೆ ಒಬ್ಬಳು ಕೂತು ತಲೆ ಹಿಕ್ಕುತ್ತಾರೆ. ಹಿಂದಿನವಳ ಬೆರಳು ಮುಂದಿನವಳ ಬೈತಲೆಯ ಗುಂಟ ಹೋಗಿ, ಕಿವಿಯ ಹಿಂದೆ ನಿಂತು, ಹೇನು ಹುಡುಕಿ, ಎಣ್ಣೆ ಸವರಿ ಮುಂದೆ ಹೋಗುತ್ತದೆ. ಮುಂದಿನವಳು ಕಣ್ಣು ಅರ್ಧ ಮುಚ್ಚಿರುತ್ತಾಳೆ. ಬೇಲಿಯ ಮೇಲಿನದೂ ಹಾಗೇ ಕಣ್ಣು ಅರ್ಧ ಮುಚ್ಚಿರುತ್ತದೆ. ಇದನ್ನು ನಾನು ಬರೆದುಕೊಂಡೆ, ಅಷ್ಟೆ. ಎರಡರ ಒಳಗೂ ಏನು ನಡೆಯುತ್ತದೆ ಎಂದು ಊಹಿಸುವ ಅಧಿಕಾರ ನನಗಿಲ್ಲ.

ಮುತ್ಯಾ ದಿನಕ್ಕೆ ಎರಡು ಸಲ ಬಿಸಿಲಿಗೆ ಬರುತ್ತಾರೆ. ಬೆಳಗಿನದು ಮುಖಕ್ಕೆ ಬೀಳುವ ಎಳೆಬಿಸಿಲು, ಜೇನಿನ ಬಣ್ಣದ್ದು. ಎರಡನೆಯದು ಮಧ್ಯಾಹ್ನದ್ದು: ಹೊಲಕ್ಕೆ ನೀರು ಹಾಯಿಸಿ ಬಂದು, ಅಂಗಿ ತೆಗೆದು, ಬೆನ್ನು ಬಿಸಿಲಿಗೆ ಕೊಟ್ಟು ಸ್ವಲ್ಪ ಹೊತ್ತು ಕೂತು ಒಳಗೆ ಹೋಗುತ್ತಾರೆ. ಕಟ್ಟೆಯ ಪಕ್ಕ ಒಂದು ಕೋಲು ನೆಟ್ಟು ನಾನು ನೆರಳು ಅಳೆದೆ. ಹುಕ್ಕೇರಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಕೋಲಿನ ನೆರಳು ಕೋಲಿಗಿಂತ ಗಿಡ್ಡವಾಗಿರುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಮಾತ್ರ. ಚರ್ಮದಲ್ಲಿ ಡಿ ಜೀವಸತ್ವ ಹುಟ್ಟಿಸುವ ಕಿರಣಗಳು ನೆಲಕ್ಕೆ ಚೆನ್ನಾಗಿ ತಲುಪುವುದು ನೆರಳು ಹೀಗೆ ಆಳಿಗಿಂತ ಗಿಡ್ಡವಿದ್ದಾಗ. ಬೆಳಗಿನ ಓರೆ ಬಿಸಿಲಿನಲ್ಲಿ ಆ ಕಿರಣಗಳು ಬಹಳ ಕಡಿಮೆ. ಅದರ ಕೆಲಸ ಬೇರೆ. ಕಣ್ಣಿನ ಮೂಲಕ ಒಳಗೆ ಹೋಗಿ ಮೈಯ ಹಗಲುರಾತ್ರಿಗಳ ಲೆಕ್ಕವನ್ನು ಅದು ಸರಿಪಡಿಸುತ್ತದೆ, ರಾತ್ರಿಯ ನಿದ್ದೆಗೆ ಬೆಳಿಗ್ಗೆಯೇ ಬುನಾದಿ ಹಾಕುತ್ತದೆ. ಮುತ್ಯಾ ಎರಡನ್ನೂ ತೆಗೆದುಕೊಳ್ಳುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಚಿಕ್ಕದು: “ಮೈ ಬೇಡತೈತ್ರಿ.”

ಅವರ ಕೊಟ್ಟಿಗೆಯಲ್ಲಿ ಒಂದು ಜೊತೆ ಖಿಲಾರಿ ಎತ್ತುಗಳಿವೆ. ಸುಣ್ಣದ ಬಿಳುಪು, ಭುಜದ ಮೇಲೆ ಹೊಗೆಬೂದು, ಕೊಂಬು ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಎದ್ದವು. ಎತ್ತು ಏಳುವುದು ಕುದುರೆಯಂತಲ್ಲ. ಕುದುರೆ ಮುಂಗಾಲು ಚಾಚಿ ಮೊದಲು ಎದೆ ಎತ್ತುತ್ತದೆ. ಎತ್ತು ಮುಂಗಾಲಿನ ಮಂಡಿಯೂರಿ ಮೊದಲು ಹಿಂಭಾಗ ಎತ್ತುತ್ತದೆ. ಆಮೇಲೆ ಒಂದು ಮುಂಗಾಲು, ಒಂದು ಕ್ಷಣ ತಡೆದು ಇನ್ನೊಂದು. ಎದ್ದು ನಿಂತ ಕೂಡಲೇ ಹೆಜ್ಜೆ ಇಡುವುದಿಲ್ಲ. ಬೆನ್ನನ್ನು ಒಳಕ್ಕೆ ತಗ್ಗಿಸಿ, ಕತ್ತು ಮುಂದೆ ಚಾಚಿ, ಒಂದು ಹಿಂಗಾಲನ್ನು ಹಿಂದಕ್ಕೆ ನಿಧಾನ ಎಳೆಯುತ್ತದೆ. ತೊಡೆಯ ಚರ್ಮದ ಮೇಲೆ ಸಣ್ಣ ನಡುಕವೊಂದು ಹರಿದು ಹೋಗುತ್ತದೆ. ಅಂಗಳದ ನಾಯಿಯೂ ಎದ್ದಾಗ ಇದನ್ನೇ ಮಾಡುತ್ತದೆ, ಮೊದಲು ಮುಂಗಾಲು ಚಾಚಿ, ಆಮೇಲೆ ಹಿಂಗಾಲು.

“ಎದ್ದ ಕೂಡ್ಲೆ ಎತ್ತು ಮೈ ಮುರೀಲಿಲ್ಲ ಅಂದ್ರ ಅದಕ್ಕ ಏನೋ ಆಗೇತಿ ಅಂತ ತಿಳ್ಕೋಬೇಕ್ರಿ,” ಎಂದರು ಮುತ್ಯಾ. ಮೂಡಲಗಿಯ ದನದ ಸಂತೆಯಲ್ಲಿ ಎತ್ತು ನೋಡುವಾಗ ಅವರು ಹಲ್ಲು ನೋಡುತ್ತಾರೆ, ಮೂಗಿನ ತೇವ ನೋಡುತ್ತಾರೆ, ಆಮೇಲೆ ಮಲಗಿದ ಎತ್ತನ್ನು ಎಬ್ಬಿಸಿ ಅದು ಏಳುವುದನ್ನು ನೋಡುತ್ತಾರೆ. ಪಶುವೈದ್ಯರೂ ಮೈಮುರಿತವನ್ನು ಆರೋಗ್ಯದ ಗುರುತೆಂದೇ ಹೇಳುತ್ತಾರೆ.

ಏಳುವುದನ್ನು ನೋಡಬೇಕು ಎಂಬುದು ಮನಸ್ಸಿನಲ್ಲಿ ನಿಂತ ಮೇಲೆ ನಾನು ಆಯಿಯನ್ನು ನೋಡತೊಡಗಿದೆ. ಮುತ್ಯಾರ ಹೆಂಡತಿ, ಎಪ್ಪತ್ತು ದಾಟಿದವಳು, ಇಳಕಲ್ ಸೀರೆ, ಹಣೆಯಗಲ ಕುಂಕುಮ. ಒಲೆ ನೆಲದ ಮಟ್ಟದಲ್ಲಿದೆ. ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ. ಎಡಗಾಲು ಮಡಿಚಿ ಒಳಗೆ, ಬಲಗಾಲು ನಿಲ್ಲಿಸಿ ಎದೆಯ ಹತ್ತಿರ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿದರೂ ಅದು ಒಡೆಯಲು ನೋಡುತ್ತಿರುತ್ತದೆ. ಬಲಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತಾ ದೊಡ್ಡದಾಗುತ್ತದೆ. ಪ್ರತಿ ಬಡಿತಕ್ಕೆ ಅವಳ ಸೊಂಟದಿಂದ ಮೇಲಿನ ಮೈ ತುಸು ಮುಂದೆ ಹೋಗಿ ಬರುತ್ತದೆ.

ಬುಟ್ಟಿ ತುಂಬಿದ ಮೇಲೆ ಏಳುತ್ತಾಳೆ. ಮೊದಲು ಸೆರಗು ಸೊಂಟಕ್ಕೆ ಸಿಗಿಸುತ್ತಾಳೆ. ಮಡಿಚಿದ ಕಾಲಿನ ಪಾದ ಹೊರಳಿ ಬೆರಳುಗಳು ನೆಲ ಹಿಡಿಯುತ್ತವೆ. ತಲೆ ಮುಂದೆ ಬಾಗುತ್ತದೆ, ಭುಜ ಹಿಂಬಾಲಿಸುತ್ತದೆ, ಮೈಯ ಭಾರ ಬಲಪಾದದ ಮೇಲೆ ಬರುವವರೆಗೆ ಮುಂದೆ ಜಾರುತ್ತಾಳೆ. ಭಾರ ಅಲ್ಲಿ ಮುಟ್ಟಿದ ಕ್ಷಣ ಹಿಮ್ಮಡಿ ನೆಲಕ್ಕೆ ಒತ್ತುತ್ತದೆ, ಬಲಗೈ ಒಮ್ಮೆ ಮೊಳಕಾಲಿನ ಮೇಲೆ ಊರುತ್ತದೆ, ಎದ್ದುಬಿಡುತ್ತಾಳೆ. ಎಡಗೈಯಲ್ಲಿ ರೊಟ್ಟಿಬುಟ್ಟಿ ಇದ್ದೇ ಇರುತ್ತದೆ. ಗೋಡೆ ಹಿಡಿಯುವುದಿಲ್ಲ, ನಿಟ್ಟುಸಿರಿಲ್ಲ. ಆಕಳ ಹಾಲು ಹಿಂಡಲು, ಅಂಗಳ ಬಳಿಯಲು, ಕಾಳು ಹಸನು ಮಾಡಲು, ಉಣ್ಣಲು, ಹೀಗೆ ಹಗಲೆಲ್ಲ ಅವಳು ನೆಲಕ್ಕೆ ಇಳಿಯುತ್ತಲೂ ಏಳುತ್ತಲೂ ಇರುತ್ತಾಳೆ. ಕೇಳಿದರೆ ತಾನು ಏನೂ ವ್ಯಾಯಾಮ ಮಾಡುವುದಿಲ್ಲ ಎನ್ನುತ್ತಾಳೆ. “ಅದೆಲ್ಲಾ ಎಲ್ಲಿ ಆಗತೈತೋ ತಮ್ಮಾ, ಮನಿ ಕೆಲಸನs ಮುಗೀವಲ್ದು.”

ನೆಲದಿಂದ ಹೀಗೆ ಏಳುವುದನ್ನೇ ಬ್ರೆಜಿಲ್ ದೇಶದ ವೈದ್ಯರು ಪರೀಕ್ಷೆಗೆ ಒಡ್ಡಿದ್ದರು. 51ರಿಂದ 80 ವಯಸ್ಸಿನ 2002 ಜನರಿಗೆ ನೆಲದ ಮೇಲೆ ಕೂತು ಏಳಲು ಹೇಳಿದರು. ಕೂರುವುದಕ್ಕೆ ಐದು ಅಂಕ, ಏಳುವುದಕ್ಕೆ ಐದು. ಕೈ, ಮೊಳಕಾಲು, ಯಾವುದನ್ನು ಊರಿದರೂ ಊರಿದ್ದಕ್ಕೊಂದು ಅಂಕ ಕಡಿತ, ತೂಗಾಡಿದರೆ ಅರ್ಧ. ಮುಂದಿನ ಸುಮಾರು ಆರು ವರ್ಷ ಅವರ ಜೀವನವನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದರು. ಅಂಕ ಕಡಿಮೆ ಇದ್ದವರಲ್ಲಿ ಸಾವು ಹೆಚ್ಚು ಕಂಡಿತ್ತು. ಕಾಲಿನ ಬಲ, ಸಂದುಗಳ ಸಡಿಲ, ಸಮತೋಲ, ಮೈತೂಕ, ನಾಲ್ಕೂ ಆ ಒಂದು ಚಲನೆಯಲ್ಲಿ ಬೆರೆತಿರುವುದರಿಂದ ಅದು ಇಷ್ಟು ಹೇಳಬಲ್ಲದು. ಆ ಲೆಕ್ಕದಲ್ಲಿ ಆಯಿಗೆ ಹತ್ತಕ್ಕೆ ಒಂಬತ್ತು.

ಪಕ್ಕದ ಮನೆಯಲ್ಲಿ ಗ್ಯಾಸಿನ ಒಲೆ ಕಟ್ಟೆಯ ಮೇಲೆ ಬಂದಿದೆ. ಹೊಗೆ ಹೋಗಿ ಹೆಂಗಸರ ಎದೆ ಹಗುರಾಗಿದೆ. ಅದು ದೊಡ್ಡ ಒಳಿತು, ಅದನ್ನು ಯಾರೂ ಹಿಂದಕ್ಕೆ ಕೇಳಬಾರದು. ಆದರೆ ಒಲೆಯ ಹಿಂದೆಯೇ ಊಟವೂ ಮೇಜಿಗೆ ಏರಿತು, ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂತು. ಆ ಮನೆಯ ಗೃಹಿಣಿ ಆಯಿಗಿಂತ ಬಹಳ ಚಿಕ್ಕವಳು. ಲಗ್ನದ ಮನೆಯಲ್ಲಿ ಪಂಕ್ತಿಗೆ ಕೂತು ಏಳುವಾಗ ಇಬ್ಬರ ಕೈ ಬೇಕಾಯಿತು. ಹೊಗೆಯ ಜೊತೆ ಹೋಗಬೇಕಾಗಿರದ ಒಂದು ಚಲನೆಯೂ ಸದ್ದಿಲ್ಲದೆ ಹೋಗಿತ್ತು.

ಮಧ್ಯಾಹ್ನ ಎಮ್ಮೆಗಳು ಹಿನ್ನೀರಿನ ಕೆಸರಿನಿಂದ ಎದ್ದು ಬಂದು ಬೇವಿನ ನೆರಳಿನಲ್ಲಿ ಮಲಗುತ್ತವೆ. ಕೆಸರು ಒಣಗಿ ಮೈಮೇಲೆ ಸೀಸದ ಬಣ್ಣ. ಕತ್ತನ್ನೇ ನೋಡುತ್ತಿದ್ದರೆ ಒಳಗಿನಿಂದ ಒಂದು ಉಂಡೆ ಗಂಟಲಿನ ಗುಂಟ ಮೇಲೆ ಏರುವುದು ಚರ್ಮದ ಕೆಳಗೆ ಕಾಣುತ್ತದೆ. ದವಡೆ ಒಂದು ಬದಿಗೆ ಜಾರಿ, ಮೇಲೆದ್ದು, ಮತ್ತೆ ಅದೇ ಬದಿಗೆ ಜಾರುತ್ತದೆ. ಒಂದು ಉಂಡೆಗೆ ನಲವತ್ತು ಐವತ್ತು ಸಲ ಅಗಿದು ನುಂಗುತ್ತದೆ. ತುಸು ಹೊತ್ತು ಸುಮ್ಮನಿದ್ದು ಮುಂದಿನ ಉಂಡೆ. ದಿನಕ್ಕೆ ಏಳೆಂಟು ತಾಸು ಮೆಲುಕಿನಲ್ಲೇ ಹೋಗುತ್ತದೆ. ಹೆದರಿದ ಎಮ್ಮೆ, ಜ್ವರ ಬಂದ ಎಮ್ಮೆ ಮೆಲುಕು ಹಾಕುವುದಿಲ್ಲ.

ಈ ಸೀಮೆಯ ಊಟವೂ ಅಗಿಯದೆ ಒಳಗೆ ಇಳಿಯುವಂಥದ್ದಲ್ಲ. ಕಟಕ ರೊಟ್ಟಿ ಮುರಿದಾಗ ಸದ್ದು ಪಡಸಾಲೆಯವರೆಗೆ ಕೇಳುತ್ತದೆ. ಜೊತೆಗೆ ಹಸಿ ಉಳ್ಳಾಗಡ್ಡಿ, ಉಳ್ಳಾಗಡ್ಡಿಯ ತಪ್ಪಲು, ಮೆಂತ್ಯದ ಹಸಿ ಸೊಪ್ಪು, ಮೂಲಂಗಿ. ಮಾಗಿಯ ಹೊಲದಲ್ಲಿ ಬಿಳಿಜೋಳದ ಸಾಲುಗಳ ನಡುವೆ ನೆಲಕ್ಕಂಟಿ ಬೆಳೆಯುವ ಹಕ್ಕರಿಕೆ ಸಿಗುತ್ತದೆ. ಅಂಚು ಹರಿದಂತಿರುವ ಎಲೆ, ಮುರಿದರೆ ಹಾಲು, ನಾಲಿಗೆಗೆ ಮೊದಲು ತುಸು ಕಹಿ. ಬಿತ್ತಿದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಆಯಿ ಅದನ್ನು ಬುಡದಿಂದ ಕೀಳುವುದಿಲ್ಲ. ಹೊರಗಿನ ಎಲೆಗಳನ್ನಷ್ಟೇ ಚಿವುಟಿ ನಡುವಿನ ಕುಡಿ ಬಿಡುತ್ತಾಳೆ. ಕಬ್ಬು ಬಂದ, ಕಳೆನಾಶಕ ಹೊಡೆದ ಹೊಲಗಳಲ್ಲಿ ನಾನು ಹುಡುಕಿದೆ. ಒಂದೂ ಸಿಗಲಿಲ್ಲ.

ಎಳ್ಳಮಾವಾಸ್ಯೆಯ ಮುಂದೆ ಮನೆಮನೆಯಲ್ಲಿ ಕರಿಂಡಿ ಇಡುತ್ತಾರೆ. ಗಜ್ಜರಿ, ಬದನೆ, ಸೌತೆ, ಹಸಿಮೆಣಸಿನಕಾಯಿ, ಅಗಸಿ, ಸಾಸಿವೆ, ಎಲ್ಲ ಕೂಡಿ ಕೆಲವು ದಿನ ಗಡಿಗೆಯಲ್ಲಿ ಹುಳಿಯುತ್ತದೆ. ಮುಚ್ಚಳ ತೆಗೆದಾಗ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ಒಳಗಿನ ಜೀವಾಣುಗಳು ಕೆಲಸದಲ್ಲಿರುವ ಗುರುತು. ಅಗಸಿಯನ್ನು ಆಯಿ ಯಾವತ್ತೂ ಇಡಿಯಾಗಿ ಹಾಕುವುದಿಲ್ಲ, ಹುರಿದು ಕುಟ್ಟಿ ಹಾಕುತ್ತಾಳೆ. ಕಂದುಬಣ್ಣದ ಆ ನುಣುಪು ಕಾಳಿನ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಇಡಿಯಾಗಿ ನುಂಗಿದ್ದು ಬಹುಪಾಲು ಇಡಿಯಾಗಿಯೇ ಹೊರಗೆ ಹೋಗುತ್ತದೆ. ಕುಟ್ಟಿದಾಗ ಮಾತ್ರ ಒಳಗಿನ ಎಣ್ಣೆ, ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಇರುವ ಎಣ್ಣೆ, ಮೈಗೆ ದಕ್ಕುತ್ತದೆ. ಪಟ್ಟಣದ ಅಂಗಡಿಯಲ್ಲಿ ಇದೇ ಕಾಳನ್ನು ಚಿಕ್ಕ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಂಡು ಇಡಿಯಾಗಿ ನುಂಗುವವರನ್ನು ಕಂಡು ನನಗೆ ಸಂಕಟವಾಗಿದೆ.

ಕಂಡದ್ದೆಲ್ಲ ಒಳ್ಳೆಯದೇ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಿಪ್ಪಾಣಿಯಿಂದ ಈ ಕಡೆಗೂ ಹಬ್ಬಿದ್ದು ಹೊಗೆಸೊಪ್ಪಿನ ಸೀಮೆ. ಕಟ್ಟೆಯ ಮೇಲೆ ತಲೆ ಹಿಕ್ಕಿಸಿಕೊಳ್ಳುವ ಹೆಂಗಸರಲ್ಲೇ ಕೆಲವರು ಬೆಳಿಗ್ಗೆ ಸುಟ್ಟ ತಂಬಾಕಿನ ಮಶೇರಿಯಿಂದ ಹಲ್ಲು ಉಜ್ಜುತ್ತಾರೆ. ವಸಡು ಮಸಿಗಪ್ಪಾಗಿರುತ್ತದೆ. ಬಾಯಿಯ ಕ್ಯಾನ್ಸರಿಗೆ ಅದು ನೇರ ದಾರಿ. ಬೇವಿನ ಮರ ಹತ್ತು ಹೆಜ್ಜೆ ದೂರದಲ್ಲಿದೆ.

ಹೊಲದಿಂದ ಬಂದವರಿಗೆ ಬಾಗಿಲಲ್ಲಿ ತಂಬಿಗೆ ನೀರು. ಕಾಲು ತೊಳೆಯುವ ಕ್ರಮ ಒಂದೇ: ಒಂದು ಪಾದದಿಂದ ಇನ್ನೊಂದರ ಹಿಮ್ಮಡಿ ಉಜ್ಜಿ, ಬೆರಳ ಸಂದಿಗೆ ನೀರು ಹಾಯಿಸಿ, ಆಮೇಲೆ ಕೈ, ಕೊನೆಗೆ ಮುಖ. ಉಂಡ ಮೇಲೆ ಬಚ್ಚಲಿಗೆ ಹೋಗಿ ಕೆನ್ನೆ ಉಬ್ಬಿಸಿ ಎರಡು ಮೂರು ಸಲ ಬಾಯಿ ಮುಕ್ಕಳಿಸುತ್ತಾರೆ. ಬಂದು ಹೋಗುವ ನೆಂಟರಲ್ಲಿ ಹರೆಯದವರು ಇದನ್ನು ಬಿಟ್ಟಿದ್ದಾರೆ. ಘಟಪ್ರಭಾ ಊರಿನಲ್ಲಿ ಡಾ. ನಾ.ಸು. ಹರ್ಡೀಕರ ಮತ್ತು ಗೆಳೆಯ ವೈದ್ಯರು 1929ರಲ್ಲಿ ಕಟ್ಟಿದ ಕರ್ನಾಟಕ ಆರೋಗ್ಯ ಧಾಮವಿದೆ. ರೋಗ ಬಂದ ಮೇಲೆ ಈ ಸೀಮೆಯವರು ನಡೆದದ್ದು ಅದರ ಬಾಗಿಲಿಗೆ. ರೋಗ ಬರುವ ಮುಂಚಿನ ಕೆಲಸ ಈ ಒಂದು ತಂಬಿಗೆಯಲ್ಲಿ ನಡೆಯುತ್ತದೆ. ಅದಕ್ಕೆ ದಾಖಲೆಯಿಲ್ಲ.

ಸಂಜೆ ಗೊರವಂಕಗಳು ಆಲದ ಮರಕ್ಕೆ ಬರುತ್ತವೆ. ಕಂದು ಮೈ, ಕಾಡಿಗೆ ತಲೆ, ಕಣ್ಣಿನ ಹಿಂದೆ ಅರಿಶಿನದ ತೇಪೆ. ಹಾರಿದಾಗಷ್ಟೇ ರೆಕ್ಕೆಯ ಬಿಳಿ. ಮೊದಲು ಭಾರಿ ಗದ್ದಲ, ಜಾಗಕ್ಕಾಗಿ ಜಗಳ. ಬೆಳಕು ಕಂದುತ್ತಾ ಊದಾ ಆಗುವಾಗ ಗದ್ದಲದೊಳಗೆ ಸಣ್ಣ ಸಣ್ಣ ಬಿಡುವುಗಳು. ಬಿಡುವು ಉದ್ದವಾಗುತ್ತಾ ಹೋಗಿ, ಯಾವುದೋ ಒಂದು ಹಕ್ಕಿ ಕೊನೆಯ ಸಲ ಗೊಣಗಿ, ಮರವೆಲ್ಲ ಸುಮ್ಮನಾಗುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಊಟ ಮುಗಿದಿರುತ್ತದೆ. ಮುತ್ಯಾ ಕಂಬಳಿ ಹೊದ್ದು ಹನುಮಪ್ಪನ ಗುಡಿಯವರೆಗೆ ನಡೆದು ಬರುತ್ತಾರೆ. ನಿಧಾನದ ನಡೆ, ದಾರಿಯಲ್ಲಿ ನಾಲ್ಕು ಮಾತು. ಉಂಡ ಮೇಲೆ ಹೀಗೆ ಸ್ವಲ್ಪ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಕಬ್ಬಿನ ಗಾಡಿಗಳು ಸಂಕೇಶ್ವರದ ಕಾರ್ಖಾನೆಯ ಕಡೆ ಸಾಲುಗಟ್ಟಿ ಹೋಗುವ ಈ ಸೀಮೆಯಲ್ಲಿ ಸಕ್ಕರೆ ಕಾಯಿಲೆಯೂ ಮನೆಮನೆ ಸೇರಿದೆ. ಮುತ್ಯಾ ವಾಪಸಾಗುವ ಹೊತ್ತಿಗೆ ಮೊಮ್ಮಗನ ಮುಖದ ಮೇಲೆ ಮೊಬೈಲಿನ ನೀಲಿ ಬೆಳಕು. ಅವನು ಮಲಗುವುದು ಆಲದ ಮರ ಸುಮ್ಮನಾಗಿ ಎಷ್ಟೋ ಹೊತ್ತಿನ ಮೇಲೆ, ಬೆಳಿಗ್ಗೆ ಕಟ್ಟೆಗೆ ಬರುವುದೂ ಕೊನೆಗೆ.

ನಿಮ್ಮ ಮನೆಯಲ್ಲಿ ಇನ್ನೂ ನೆಲದ ಮೇಲೆ ಕೂತು ಉಣ್ಣುವ ಹಿರಿಯರಿದ್ದರೆ, ಪ್ರೀತಿಯಿಂದಲೇ ಆದರೂ, ಅವರಿಗೆ ಅವಸರದಲ್ಲಿ ಕುರ್ಚಿ ತಂದು ಹಾಕಬೇಡಿ. ಕೆಲವು ದಿನ ಅವರು ಏಳುವುದನ್ನು ಸುಮ್ಮನೆ ನೋಡಿ: ಪಾದ ಎಲ್ಲಿ ಊರುತ್ತಾರೆ, ಕೈ ಎಲ್ಲಿ ಇಡುತ್ತಾರೆ, ಭಾರ ಯಾವಾಗ ಮುಂದೆ ಬರುತ್ತದೆ. ಮೊಳಕಾಲು ನೋಯುತ್ತಿದ್ದರೆ ಕುರ್ಚಿ ಕೊಡಿ, ವೈದ್ಯರಿಗೆ ತೋರಿಸಿ. ನೋವಿಲ್ಲದಿದ್ದರೆ ಅವರ ಪಕ್ಕ ಚಾಪೆ ಹಾಸಿ ನೀವೂ ಊಟಕ್ಕೆ ಕೂತುಕೊಳ್ಳಿ.